ಎಂಜಿನ್ ಕಾಯುವ ತನಕ

ನಮ್ಮ ಕಡೆ ಚೈನಿನ ಮೇಲೆ ಓಡುವ, ಮಣ್ಣು ಅಗೆಯುವ ಯಂತ್ರವೆಲ್ಲ ಹಿಟಾಚಿಯೇ. ಯಾವ ಕಂಪನಿಯದಾದರೂ ಸರಿ, ಯಾವ ಬಣ್ಣದ್ದಾದರೂ ಸರಿ. ಟೈರಿನ ಮೇಲಿದ್ದರೆ ಜೆಸಿಬಿ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲೇ ಇರುವುದರಿಂದ ಆ ಹೆಸರನ್ನು ಹೇಗೆ ಬೇಕಾದರೂ ಬಳಸುವ ಹಕ್ಕು ನಮಗಿದೆ ಎಂದುಕೊಂಡಿದ್ದೇವೆ. ಇಪ್ಪತ್ತೆರಡು ವರ್ಷದಿಂದ ಇವುಗಳ ಎಂಜಿನ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಈಚೆಗೆ ಬಿಚ್ಚುವುದು ಕಡಿಮೆಯಾಗಿ, ಹಳೆಯ ಗಾಡಿ ಕೊಳ್ಳುವವರ ಜೊತೆ ನೋಡಲು ಹೋಗುವುದು ಹೆಚ್ಚಾಗಿದೆ.

ಕೊಳ್ಳುವವರಲ್ಲಿ ಬಹಳ ಜನ ಆಪರೇಟರುಗಳು. ಎಂಟು ಹತ್ತು ವರ್ಷ ಇನ್ನೊಬ್ಬರ ಗಾಡಿಯಲ್ಲಿ ಪಗಾರಕ್ಕೆ ಕೂತು, ಒಂದು ದಿನ ತಮ್ಮದೇ ಒಂದು ಇರಲಿ ಅಂತ ಹೊರಡುತ್ತಾರೆ. ಹೊಲದ ಪತ್ರ ಅಡ ಬೀಳುತ್ತದೆ, ಹೆಂಡತಿಯ ಬಂಗಾರ ಬ್ಯಾಂಕಿಗೆ ಹೋಗುತ್ತದೆ. ಬೂಮು, ಬಕೆಟ್ಟು, ಸ್ವಿಂಗಿನ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಎಂಜಿನ್ ಅಂತ ಬಂದಾಗ ಮಾತ್ರ ಹೊಗೆಯ ಬಣ್ಣ ನೋಡುತ್ತಾರೆ, ಕಿವಿಗೊಟ್ಟು ಶಬ್ದ ಕೇಳುತ್ತಾರೆ. ಆಯಿಲ್ ಪ್ರೆಷರ್ ಅಂದರೆ, “ಲೈಟ್ ಹತ್ತೇ ಇಲ್ಲಲ್ರೀ ಕಾಕಾ” ಅನ್ನುತ್ತಾರೆ.

ಆ ಕೆಂಪು ದೀಪವನ್ನು ನಾನು ನಂಬುವುದಿಲ್ಲ. ಹಳೆಯ ಗಾಡಿಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಅದು ಹತ್ತಬೇಕು, ಎಂಜಿನ್ ಶುರುವಾಗಿ ನಾಲ್ಕೈದು ಸೆಕೆಂಡಿನಲ್ಲಿ ಆರಬೇಕು. ಮೊದಲಿಗೇ ಹತ್ತದಿದ್ದರೆ ಬಲ್ಬ್ ಹೋಗಿರಬಹುದು, ಇಲ್ಲವೇ ಯಾರೋ ವೈರ್ ಕಿತ್ತಿದ್ದಾರೆ. ಎಲ್ಲ ಸರಿ ಇದ್ದರೂ ಅದರ ಸ್ವಿಚ್ ಎಚ್ಚರಗೊಳ್ಳುವುದು ಪ್ರೆಷರ್ ಅರ್ಧ ಕೆಜಿಯ ಆಸುಪಾಸಿಗೆ ಇಳಿದ ಮೇಲೆ. ಅಷ್ಟು ಹೊತ್ತಿಗೆ ಒಳಗೆ ಆಗುವುದು ಆಗಿ ಹೋಗಿರುತ್ತದೆ.

ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯುತ್ತೇವಲ್ಲ, ಆಯಿಲ್ ಪ್ರೆಷರ್ ಅಂದರೆ ಅದೇ. ಪಂಪ್ ಆಯಿಲನ್ನು ತಳ್ಳುತ್ತದೆ ಅಷ್ಟೇ. ಒತ್ತಡ ಹುಟ್ಟುವುದು ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ, ಕೂದಲೆಳೆಯಷ್ಟು ಸಂದಿನಲ್ಲಿ. ಬೇರಿಂಗ್ ಸವೆದಂತೆ ಹೆಬ್ಬೆರಳು ಸಡಿಲವಾಗುತ್ತದೆ. ಆದರೆ ಬೆಳಿಗ್ಗೆ ತಣ್ಣಗಿರುವ ಆಯಿಲ್ ಬೆಲ್ಲದ ಪಾಕದ ಹಾಗೆ ಮಂದ. ಸವೆದ ಸಂದಿನಿಂದಲೂ ಬೇಗ ಜಾರುವುದಿಲ್ಲ, ಗೇಜು ಚೆನ್ನಾಗಿಯೇ ತೋರಿಸುತ್ತದೆ. ಮಾರುವವರಿಗೆ ಇದು ಗೊತ್ತು. 15ಡಬ್ಲ್ಯೂ40 ಹಾಕುವ ಕಡೆ ಇನ್ನೂ ದಪ್ಪದ್ದನ್ನು ಸುರಿಯುತ್ತಾರೆ, ಗೇರ್ ಆಯಿಲ್ ಬೆರೆಸಿದ್ದನ್ನೂ ಕಂಡಿದ್ದೇನೆ. ಇದಕ್ಕೆಲ್ಲ ಮದ್ದು ಒಂದೇ: ಎಂಜಿನ್ ಕಾಯುವ ತನಕ ನಾವೂ ಕಾಯುವುದು.

ಹೋದ ಬೇಸಿಗೆಯಲ್ಲಿ ನಮ್ಮೂರ ಹುಡುಗನೊಬ್ಬನ ಜೊತೆ ಹುಬ್ಬಳ್ಳಿ ಹೊರಗಿನ ಒಂದು ಯಾರ್ಡಿಗೆ ಹೋಗಿದ್ದೆ. ಇಪ್ಪತ್ತು ಟನ್ನಿನ ಗಾಡಿ, ಹೊಸ ಪೇಂಟು, ಅವರ್ ಮೀಟರಿನಲ್ಲಿ 6,800. ಆ ಅಂಕಿಯನ್ನು ನಾನು ಓದಿ ಮರೆಯುತ್ತೇನೆ. ಸ್ವಿಚ್ ಬಿಚ್ಚಿ ಅದರ ಜಾಗಕ್ಕೆ ನನ್ನ ಗೇಜ್ ಕೂಡಿಸಿದೆ. ತಣ್ಣಗಿದ್ದಾಗ ಮೂರೂವರೆ ಕೆಜಿ. “ನೋಡ್ರಿ, ಹೊಸಾ ಗಾಡಿ ಇದ್ದಂಗ ಐತಿ” ಅಂದರು ಮಾಲೀಕರು. ಒಂದು ತಾಸು ದುಡಿಸೋಣ ಅಂದೆ. “ಇಲ್ಲಿ ಅಗಿಯಾಕ ಎಲ್ಲಿ ಜಾಗಾ ಐತ್ರಿ?” ಮೂಲೆಯಲ್ಲಿ ಮಣ್ಣಿನ ಗುಡ್ಡೆ ಇತ್ತು. ಹುಡುಗ ಅದನ್ನೇ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹಾಕಿದ. ಕೆಲಸ ಎಷ್ಟು ಚೆಂದ ಮಾಡುತ್ತಾನೆ ಅಂತ ಆವತ್ತೇ ನೋಡಿದ್ದು.

ತಾಸಾದ ಮೇಲೆ ಐಡ್ಲಿಂಗಿಗೆ ತರಲು ಹೇಳಿದೆ. ಮುಳ್ಳು ಇಳಿಯುತ್ತ ಬಂದು ಅರ್ಧ ಕೆಜಿಯ ಮೇಲೆ ನಡುಗುತ್ತ ನಿಂತಿತು. ಒಂದು ಕೆಜಿಯಾದರೂ ಇರಲಿ ಅಂತ ನಾವು ಬಯಸುವ ಜಾಗ ಅದು. ರೇಸ್ ಕೊಟ್ಟರೆ ಎರಡಕ್ಕೆ ಮುಟ್ಟಲಿಲ್ಲ, ಮೂರು ದಾಟಬೇಕಿತ್ತು.

ಇಷ್ಟಕ್ಕೇ ಕ್ರ್ಯಾಂಕ್ ಹೋಯಿತು ಅನ್ನುವ ಮೆಕ್ಯಾನಿಕರಿದ್ದಾರೆ. ನಾನು ಅಗ್ಗದ ಕಾರಣಗಳನ್ನು ಮೊದಲು ಕೇಳುತ್ತೇನೆ. ಹಿಂದೊಮ್ಮೆ ಒಂದು ಗಾಡಿಗೆ ಇಬ್ಬರು ಕ್ರ್ಯಾಂಕ್ ಬಿಚ್ಚಲು ದರ ಹೇಳಿ ಹೋಗಿದ್ದರು. ಅದರಲ್ಲಿ ರೇಸ್ ಕೊಟ್ಟಾಗ ಪ್ರೆಷರ್ ಏರುವ ಬದಲು ಬೀಳುತ್ತಿತ್ತು. ಸವೆದ ಬೇರಿಂಗ್ ಹಾಗೆ ಮಾಡುವುದಿಲ್ಲ. ಪಂಪಿಗೆ ಎಳೆದುಕೊಳ್ಳಲು ಆಯಿಲ್ ಸಿಗದಾಗ ಹಾಗಾಗುತ್ತದೆ. ಚೇಂಬರ್ ಇಳಿಸಿದರೆ ಜಾಲರಿಗೆ ಗ್ಯಾಸ್ಕೆಟ್ ಪೇಸ್ಟಿನ ಎಳೆಗಳು ಮೆತ್ತಿಕೊಂಡಿದ್ದವು. ಯಾರೋ ಧಾರಾಳವಾಗಿ ಬಳಿದಿದ್ದರು. ತೊಳೆದು ಕಟ್ಟಿದೆ, ಗಾಡಿ ಇವತ್ತಿಗೂ ಓಡುತ್ತಿದೆ.

ಯಾರ್ಡಿನ ಗಾಡಿ ಅಂಥದ್ದಲ್ಲ. ರೇಸಿಗೆ ತಕ್ಕಂತೆ ಏರುತ್ತಿತ್ತು, ಏರಬೇಕಾದಷ್ಟು ಏರುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿ, ಆಯಿಲ್ ಇಳಿಯಲು ಬಿಟ್ಟು ಡಿಪ್‌ಸ್ಟಿಕ್ ಎಳೆದೆ. ಗುರುತಿಗಿಂತ ಒಂದು ಬೆರಳು ಮೇಲಿತ್ತು. ಆಯಿಲ್ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ, ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಮೂಸಿದರೆ ಡೀಸೆಲ್. ಪೇಪರಿನ ಅಂಚಿಗೆ ಒಂದು ಹನಿ ಬಿಟ್ಟೆ. ನಡುವಿನ ಕಪ್ಪು ಹಾಗೇ ಉಳಿದು, ಸುತ್ತ ಬಣ್ಣವಿಲ್ಲದ ಒದ್ದೆ ಬಳೆ ಹರಡಿತು. ಇಂಜೆಕ್ಟರೋ ಪಂಪಿನ ಸೀಲೋ ಸೋರಿ ಡೀಸೆಲ್ ಚೇಂಬರಿಗೆ ಇಳಿಯುತ್ತಿತ್ತು.

ಇಲ್ಲಿ ಒಂದು ಆಸೆ ಉಳಿದಿತ್ತು. ಆಯಿಲ್ ನೀರಾಗಿದ್ದಕ್ಕಷ್ಟೇ ಪ್ರೆಷರ್ ಬಿದ್ದಿರಬಹುದು, ಬೇರಿಂಗ್ ಇನ್ನೂ ಚೆನ್ನಾಗಿರಬಹುದು. ಹೊಸ ಆಯಿಲ್, ಹೊಸ ಫಿಲ್ಟರಿನ ಖರ್ಚು ತಾನೇ ಕೊಡುತ್ತೇನೆ ಅಂದ ಹುಡುಗ. ಮಾಲೀಕರು ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ಅವರನ್ನೂ ಪೂರ್ತಿ ಬೈಯಲಾರೆ. ಫೈನಾನ್ಸಿನವರು ಜಪ್ತಿ ಮಾಡಿದ ಗಾಡಿಯನ್ನು ಹರಾಜಿನಲ್ಲಿ ಹಿಡಿದವರು. ಅಲ್ಲಿ ಅವರಿಗೆ ಯಾರೂ ತಾಸು ದುಡಿಸಿ ತೋರಿಸಿರಲಿಕ್ಕಿಲ್ಲ.

ಹಳೆಯ ಫಿಲ್ಟರನ್ನು ಕಟರಿನಿಂದ ಕೊಯ್ದೆ. ಗರಗಸ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಕಾಗದದ ಮಡಿಕೆಗಳನ್ನು ಹಿಂಡಿ, ಬಿಸಿಲಿಗೆ ಬಿಡಿಸಿ ಹಿಡಿದೆ. ಬೆಳ್ಳಗೆ ನಾಲ್ಕು ಚೂರು ಮಿನುಗಿದರೆ ವಯಸ್ಸು ಅಂದುಕೊಳ್ಳಬಹುದು. ಇಲ್ಲಿ ಮಿನುಗಿದ್ದು ತಾಮ್ರದ ಬಣ್ಣ. ಬೇರಿಂಗಿನ ಮೇಲಿನ ಪದರ ಸವೆದು, ಅದರ ಕೆಳಗಿನ ತಾಮ್ರದ ಪದರಕ್ಕೆ ಬಂದಿದೆ ಅಂತ ಅರ್ಥ. ಹೊಸ ಆಯಿಲ್ ಹಾಕಿ ಮತ್ತೆ ಕಾಯಿಸಿದಾಗ ಐಡ್ಲಿಂಗಿನಲ್ಲಿ ಬಂದದ್ದು ಮುಕ್ಕಾಲು ಕೆಜಿ.

ಹುಡುಗ ಆ ಕಾಗದವನ್ನು ನನ್ನ ಕೈಯಿಂದ ತಗೊಂಡು ಬಹಳ ಹೊತ್ತು ನೋಡಿದ. “ಹಂಗಾರ ಬಿಡೂದನ ಕಾಕಾ?” ಬಿಡು ಅಂತ ನಾನು ಹೇಳಲಿಲ್ಲ. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗು, ಆಯಿಲ್ ಪಂಪು, ಇಂಜೆಕ್ಟರು, ಕೂಲಿ, ಗಾಡಿ ನಿಂತ ದಿನಗಳ ಕಂತು, ಎಲ್ಲವನ್ನೂ ಅದೇ ಪೇಪರಿನ ಇನ್ನೊಂದು ಅಂಚಿನಲ್ಲಿ ಬರೆದುಕೊಟ್ಟೆ. ಅಷ್ಟನ್ನು ಬೆಲೆಯಲ್ಲಿ ಇಳಿಸಿದರೆ ಗಾಡಿ ಕೆಟ್ಟದ್ದೇನಲ್ಲ ಅಂದೆ. ಮಾಲೀಕರು ಐವತ್ತು ಸಾವಿರಕ್ಕಿಂತ ಕೆಳಗೆ ಬರಲಿಲ್ಲ. ಹತ್ತು ದಿನದಲ್ಲಿ ಅದು ಬೇರೆ ಯಾರಿಗೋ ಹೋಯಿತಂತೆ, ಹುಡುಗ ದುಡ್ಡು ಕೊಟ್ಟು ಹಾಕಿಸಿದ ಆಯಿಲ್ ಸಮೇತ.

ಅವನು ಈಗಲೂ ಪಗಾರದ ಮೇಲಿದ್ದಾನೆ. ಮೊನ್ನೆ ಫೋನ್ ಮಾಡಿದ್ದ. ಗದಗಿನ ಹತ್ತಿರ ಒಂದು ಗಾಡಿ ಇದೆಯಂತೆ. “ಡಿಪ್‌ಸ್ಟಿಕ್ ಮೂಸೀನಿ ಕಾಕಾ, ವಾಸನಿ ಇಲ್ಲ” ಅಂದ. ಭಾನುವಾರ ಹೊರಟಿದ್ದೇವೆ.