ತಿರುಪಿಲ್ಲದ ಒಡವೆ

ಡರ್ಮಲ್ ಪಿಯರ್ಸಿಂಗ್ ಅನ್ನೋದಕ್ಕೆ ತಿರುಪು ಇರಲ್ಲ. ಅಕ್ಕನ ಮಗಳು ಕೊರಳೆಲುಬಿನ ಕೆಳಗೆ ಹರಳು ಮಿನುಗಿಸಿಕೊಂಡು ಹಗರೆಗೆ ಬಂದಾಗಲೇ ನಮಗೆ ಇದೆಲ್ಲ ಗೊತ್ತಾಗಿದ್ದು. ಮೂಗುತಿಯ ತೂತಿಗೆ ಎರಡು ಬಾಯಿ, ಇದಕ್ಕೆ ಒಂದೇ. ಚರ್ಮದೊಳಗೆ ಪುಟ್ಟ ಟೈಟಾನಿಯಂ ಪಾದ. ಅದರ ರಂಧ್ರಗಳಲ್ಲಿ ಮಾಂಸ ಬೆಳೆದು ಹಿಡಿದುಕೊಳ್ಳಬೇಕು, ಒಂದರಿಂದ ಮೂರು ತಿಂಗಳು.

ಅಮ್ಮ ಆಗಲೇ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ತಂದಿದ್ದರು. ನಮ್ಮೆಲ್ಲರ ಮೂಗು, ಕಿವಿಗೂ ಅದೇ ತಾನೇ! ಬಟ್ಟಲು ಇಸ್ಕೊಂಡು ಪಕ್ಕಕ್ಕಿಟ್ಟೆ. ಎಣ್ಣೆ, ಪುಡಿ ಗಾಯದ ಬಾಯಿ ಕಟ್ಟುತ್ತೆ. ಒಳಗಿನ ರಸಿಗೆ ಬೇರೆ ದಾರಿಯೇ ಇಲ್ಲ. ಕೈ ತೊಳೆದು, 0.9% ಸಲೈನ್, ದಿನಕ್ಕೆರಡು ಸಲ, ಅಷ್ಟೇ. ತಿರುಗಿಸೋದು ಬೇಡ. (ಮಕ್ಕಳ ಓಲೆಯನ್ನೂ ದಿನಾ ತಿರುಗಿಸಬೇಡಿ.)

"ಮೈಮೇಲೆಲ್ಲ ಚುಚ್ಚಿಸಿಕೊಳ್ಳೋದು ಎಲ್ಲಿಯ ಪದ್ಧತಿ?" ಅಂದರು ಅಮ್ಮ. ನಮ್ಮೂರಿಂದ ಬೇಲೂರು ಎಷ್ಟು ದೂರ... ಅಲ್ಲಿನ ಮದನಿಕೆಯರ ಕಿವಿ ತುಂಬ ಒಡವೆ, ಮೂಗಲ್ಲಿ ಮಾತ್ರ ಮೂಗುತಿ ನಾನಂತೂ ಕಂಡಿಲ್ಲ. ಅಮ್ಮನ ಬೇಸರಿಯೂ ಒಂದು ಕಾಲಕ್ಕೆ ಹೊಸ ಫ್ಯಾಶನ್ನೇ ಇರಬೇಕು!

ನಿಜವಾದ ಶತ್ರು ದುಪಟ್ಟಾ, ಟವೆಲ್, ಬ್ಯಾಗಿನ ಪಟ್ಟಿ. ಸಿಕ್ಕಿ ಎಳೆದರೆ ಪಾದ ಓರೆಯಾಗುತ್ತೆ, ಮೈಯೇ ಅದನ್ನು ಹೊರದೂಡಬಹುದು, ಕಲೆ ಉಳಿಯುತ್ತೆ. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಕಾಣಲ್ಲ. ಹಾಗಾಗಿ ಸುತ್ತ ಬಿಸಿ, ಊತ, ಹೆಚ್ಚುವ ನೋವು, ಕೀವು ನೋಡಿ. ಜ್ವರ ಬಂದರಂತೂ ಅವತ್ತೇ ಡಾಕ್ಟರ ಹತ್ತಿರ. ಮನೇಲಿ ಕೀಳೋದಲ್ಲ.