ಮಾರ್ಗದರ್ಶಿಯೊಡನೆ ಪಂಪಾಕ್ಷೇತ್ರ

ಹಂಪಿಯನ್ನು ಒಂದು ಸಲವೂ ನೋಡದ ಭಕ್ತಮನೆತನ ನಮ್ಮ ಸೀಮೆಯಲ್ಲಿ ವಿರಳ. ಮದುವೆಯಾದ ಹೊಸತರಲ್ಲಿ ವಿರೂಪಾಕ್ಷನಿಗೆ ಹಣ್ಣುಕಾಯಿ ಮಾಡಿಸಲು, ಶಾಲೆಯ ಪ್ರವಾಸದ ಬಸ್ಸಿನಲ್ಲಿ, ದೂರದ ನೆಂಟರು ಬಂದಾಗ ಅವರಿಗೆ ತೋರಿಸುವ ನೆವದಲ್ಲಿ ಎಲ್ಲರೂ ಹೋಗಿಬಂದವರೇ. ಆದರೆ ಏನು ಕಂಡಿರೆಂದು ಕೇಳಿದರೆ ಕಲ್ಲಿನ ರಥ, ಆನೆಲಾಯ, ಉಗ್ರನರಸಿಂಹ ಎಂಬ ಮೂರು ಹೆಸರುಗಳಾಚೆ ಮಾತು ಸಾಗುವುದಿಲ್ಲ. ಕಣ್ಣು ನೋಡಿರುತ್ತದೆ, ಹೇಳುವವರು ಇರುವುದಿಲ್ಲ.

ಕಳೆದ ಶ್ರಾವಣಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತ ಸಂಡೂರು ತಾಲ್ಲೂಕಿನ ಯಶವಂತನಗರದ ಭಕ್ತರೊಬ್ಬರ ಮನೆಯಲ್ಲಿ ಕೆಲವು ದಿನ ತಂಗುವ ಯೋಗ ನಮಗೆ ಒದಗಿತ್ತು. ಮಳೆಗಾಲದ ಸಂಡೂರನ್ನು ನೋಡದವರಿಗೆ ಅದರ ಚೆಲುವನ್ನು ಹೇಳಿ ಒಪ್ಪಿಸುವುದು ಕಷ್ಟ. ಅದಿರಿನ ಕೆಂಪು ಬೆಟ್ಟಗಳ ಮೇಲೆ ಹಸುರು ಹೊದಿಕೆ, ಇಳಿಜಾರಿನಲ್ಲಿ ಮಂಜು, ಬೆಟ್ಟವನ್ನು ಸೀಳಿಕೊಂಡು ಹೊರಡುವ ನಾರಿಹಳ್ಳ. ಘೋರ್ಪಡೆ ಅರಸರ ಈ ಪುಟ್ಟ ಸಂಸ್ಥಾನ 1949ರಲ್ಲಿ ಭಾರತದಲ್ಲಿ ವಿಲೀನವಾಯಿತು. ಕುಮಾರಸ್ವಾಮಿಯ ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆದ ಸಂಸ್ಥಾನವೆಂದು ಅದಕ್ಕೆ ಕೀರ್ತಿ. ಗಾಂಧೀಜಿಯವರು 1934ರಲ್ಲಿ ಇಲ್ಲಿಗೆ ಬಂದಿದ್ದರು. ಗಣಿಯ ಲಾರಿಗಳು ಎಬ್ಬಿಸುವ ಧೂಳಿನ ವಿಷಯ ಬೇರೆಯೇ ಲೇಖನಕ್ಕೆ ತಕ್ಕದ್ದು.

ಪ್ರವಚನ ಮಂಗಲವಾದ ಮರುದಿನ ಆ ಮನೆಯ ಯಜಮಾನರು, ಅವರ ತಾಯಿ, ಸೊಸೆ, ಇಬ್ಬರು ಮೊಮ್ಮಕ್ಕಳೊಡನೆ ಹಂಪಿಗೆ ಹೊರಟಾಗ ನಮ್ಮನ್ನೂ ಕರೆದರು. ಈ ಸಲ ತಮ್ಮ ಮನೆಯವರಿಗಾಗಿಯೇ ಒಬ್ಬ ಮಾರ್ಗದರ್ಶಿಯನ್ನು ದಿನಪೂರ್ತಿ ಗೊತ್ತುಮಾಡಿದ್ದರು. ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದು, ಹೊಸಪೇಟೆಯೂ ಹಂಪಿಯೂ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿರುವುದರಿಂದ, ಕಾರು ಹೊಸಪೇಟೆಯತ್ತ ಇಳಿಯುತ್ತಿದ್ದಂತೆ ಹಿರಿಯಜ್ಜಿ "ಹಂಗಾದ್ರ ಈಗ ನಾವು ಪರಜಿಲ್ಲೆಯವರಾದ್ವಿ" ಎಂದು ನಕ್ಕರು.

ಹೊಸಪೇಟೆಯಲ್ಲಿ ನಮ್ಮನ್ನು ಕೂಡಿಕೊಂಡ ಮಾರ್ಗದರ್ಶಿ ಇಪ್ಪತ್ತೈದರ ತರುಣ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಲ್ಲಿತ್ತು. ಅವನ ಹಿರಿಯರು ವಿರೂಪಾಕ್ಷನ ಮುಂದಿನ ಬಜಾರಿನ ಸಾಲುಮಂಟಪದಲ್ಲಿ ಅಂಗಡಿ ಇಟ್ಟುಕೊಂಡಿದ್ದವರು. 2011ರಲ್ಲಿ ಆ ಮಂಟಪಗಳನ್ನು ತೆರವು ಮಾಡಿಸಿದ ಮೇಲೆ ಅಂಗಡಿ ಹೋಯಿತು, ಮಗ ಈ ವೃತ್ತಿಗೆ ಬಂದ. ಸ್ಮಾರಕದ ರಕ್ಷಣೆಯೂ ಬೇಕು, ಸ್ಮಾರಕದ ಮಡಿಲಲ್ಲಿ ಬದುಕಿದವರ ಅನ್ನವೂ ಬೇಕು. ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ಇನ್ನೂ ಸಿದ್ಧವಾದಂತಿಲ್ಲ.

ತರುಣನ ಮೊದಲ ಜಾಣತನ ನಮಗೆ ಹಿಡಿಸಿತು. ನೇರವಾಗಿ ಹಂಪಿಗೆ ಒಯ್ಯದೆ, ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಇಡೀ ನಗರದ ದೊಡ್ಡ ಮಾದರಿಯ ಮುಂದೆ ನಿಲ್ಲಿಸಿದ. ಹೊಳೆ ಎಲ್ಲಿ ತಿರುಗುತ್ತದೆ, ಕೋಟೆಯ ಸುತ್ತುಗಳು ಎಲ್ಲಿ, ಗುಡಿಗಳ ನೆಲೆ ಯಾವುದು, ಅರಮನೆಯ ನೆಲೆ ಯಾವುದು ಎಂಬುದನ್ನು ಕೋಲು ಹಿಡಿದು ತೋರಿಸಿದ. ಅರ್ಧ ಗಂಟೆಯ ಈ ಪಾಠವಿಲ್ಲದೆ ಹಂಪಿಯನ್ನು ಸುತ್ತುವವರಿಗೆ ಅದು ಬರಿಯ ಬಂಡೆಗಳ ಜಾತ್ರೆ. ನಮ್ಮ ಮನೆಗಳವರು ಹೋಗುವಾಗ ಇದೊಂದನ್ನು ಮರೆಯಬಾರದು.

ಅರಮನೆಯ ಆವರಣದಲ್ಲಿ ಅವನ ಮಾತು ಸರಾಗವಾಗಿ ಹರಿಯಿತು. 1443ರಲ್ಲಿ ಬಂದ ಪಾರಸೀಕ ದೂತ ಅಬ್ದುಲ್ ರಜಾಕ್, ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್, ಮಹಾನವಮಿ ದಿಬ್ಬದ ಮೇಲಿನ ಉತ್ಸವ, ಬೀದಿಯಲ್ಲಿ ಮಾರುತ್ತಿದ್ದ ರತ್ನ. ರತ್ನಗಳನ್ನು ತೆರೆದ ಅಂಗಡಿಗಳಲ್ಲಿ ಮಾರುತ್ತಿದ್ದುದನ್ನು ಆ ಪ್ರವಾಸಿಗಳು ಬರೆದಿರುವುದು ನಿಜ. ಸೇರಿನಲ್ಲಿ ಅಳೆದರೆಂಬುದು ಜನರ ಬಾಯಲ್ಲಿ ಬೆಳೆದ ಮಾತು. ಕಮಲ ಮಹಲು, ರಾಣಿಯರ ಸ್ನಾನಗೃಹ ಎಂಬ ಹೆಸರುಗಳು ಕೂಡ ನಗರ ಹಾಳಾದ ಬಹುಕಾಲದ ಮೇಲೆ ಇಟ್ಟವು. ಇದನ್ನು ಹೇಳಿದಾಗ ತರುಣ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ನಮಗೂ ತರಬೇತಿಯೊಳಗ ಅದನ್ನ ಹೇಳಿದ್ರು ಗುರುಗಳೇ. ಆದ್ರ ರಾಣಿ ಅಂದ್ರೇನ ಜನ ನಿಂತು ಕೇಳ್ತಾರ" ಎಂದ. ಅವನ ಹೊಟ್ಟೆಪಾಡು ಕೇಳುವವರ ರುಚಿಯನ್ನು ನಂಬಿದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಅಲ್ಲಿಯೇ ಇರುವ ಮೆಟ್ಟಿಲುಕೊಳವನ್ನು ಮಾತ್ರ ಅವನು ಬಹು ಪ್ರೀತಿಯಿಂದ ತೋರಿಸಿದ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಈ ಕರಿಕಲ್ಲಿನ ಕೊಳದ ಒಂದೊಂದು ಕಲ್ಲಿನ ಮೇಲೂ ಅದು ಯಾವ ದಿಕ್ಕಿನದು, ಯಾವ ಸಾಲಿನದು ಎಂಬ ಗುರುತನ್ನು ಕನ್ನಡ ಅಕ್ಷರಗಳಲ್ಲಿ ಕೊರೆದಿದ್ದಾರೆ. ಬೇರೆಡೆ ಸಿದ್ಧಪಡಿಸಿದ ಕಲ್ಲುಗಳನ್ನು ತಂದು ಜೋಡಿಸಿದ ಕುಶಲಿಗಳ ಲೆಕ್ಕವದು. ಮೊಮ್ಮಕ್ಕಳಲ್ಲಿ ಹಿರಿಯವಳು ಬೇಲಿಯಾಚೆಯಿಂದ ಅಕ್ಷರಗಳನ್ನು ಓದಲು ಕುಳಿತವಳು ಏಳಲೊಲ್ಲಳು. ಅರಸರ ಬಿರುದಾವಳಿಯ ಶಾಸನಗಳು ನಾಡಿನಲ್ಲಿ ಎಷ್ಟೋ ಇವೆ. ಕಲ್ಲುಕುಟಿಗನ ಕೈಬರಹ ಹೀಗೆ ಕೆಲಸದ ನಡುವೆಯೇ ಸಿಗುವುದು ಅಪೂರ್ವ.

ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿಯಲ್ಲಿ ಹೋದೆವು. ಕಲ್ಲಿನ ರಥವೆಂಬುದು ವಾಸ್ತವವಾಗಿ ಗರುಡನ ಗುಡಿ. ಅದರ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು, 1856ರಲ್ಲಿ ಗ್ರೀನ್‌ಲಾ ಎಂಬ ಇಂಗ್ಲಿಷ್ ಅಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಮುಂದಿರುವ ಆನೆಗಳೂ ಮೂಲದವಲ್ಲ, ಮೊದಲು ಅಲ್ಲಿ ಕುದುರೆಗಳಿದ್ದವು. ಚಿಕ್ಕ ಮೊಮ್ಮಗ ಐವತ್ತು ರೂಪಾಯಿಯ ನೋಟನ್ನು ಹಿಡಿದು ರಥದ ಚಿತ್ರವನ್ನೂ ರಥವನ್ನೂ ಹೋಲಿಸಿ ನೋಡಿದ. ಅಲ್ಲಿನ ನೂಕುನುಗ್ಗಲಿನಲ್ಲಿ ಬಹಳ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಮಧ್ಯಾಹ್ನದ ಪ್ರಸಾದವಾದ ಮೇಲೆ, ಇಲ್ಲಿಂದಾಚೆ ಎಲ್ಲಿಗೆ ಎಂದು ತರುಣ ಕೇಳಿದ. ಪರಿಷೆಯ ಬಸ್ಸಿನಲ್ಲಿ ಬಂದವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾವು ಹೇಮಕೂಟ ಎಂದೆವು.

ವಿರೂಪಾಕ್ಷನ ದರ್ಶನ ಮಾಡಿ, ಗೋಡೆಯ ಕಿಂಡಿಯಿಂದ ಒಳಗೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳನ್ನು ಮಕ್ಕಳಿಗೆ ತೋರಿಸಿ, ದಕ್ಷಿಣದ ಹಾಸುಬಂಡೆಯನ್ನು ಹತ್ತಿದೆವು. ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರದ ಚಿಕ್ಕ ಗುಡಿಗಳು ಅಲ್ಲಿ ಹರಡಿವೆ. ಆಕಾರವನ್ನು ಕಂಡು ಬಹಳ ಜನ ಅವನ್ನು ಜೈನ ಬಸದಿಗಳೆನ್ನುತ್ತಾರೆ, ಆದರೆ ಅವು ಶಿವಾಲಯಗಳು. ಅವುಗಳಲ್ಲೊಂದು ಗಂಡುಗಲಿ ಕುಮಾರರಾಮನ ತಂದೆ ಕಂಪಿಲರಾಯ ಕಟ್ಟಿಸಿದ್ದೆಂದು ಶಾಸನ ಹೇಳುತ್ತದೆ. ಅಂದರೆ 1336ರಲ್ಲಿ ವಿಜಯನಗರ ಹುಟ್ಟುವುದಕ್ಕೆ ಮೊದಲೇ ಈ ಬಂಡೆಯ ಮೇಲೆ ಶಿವಪೂಜೆ ನಡೆದಿತ್ತು.

ಅದಕ್ಕೂ ನೂರು ವರ್ಷಕ್ಕೂ ಮಿಗಿಲಾಗಿ ಹಿಂದೆ ಇಲ್ಲಿ ಹರಿಹರ ಕವಿ ಇದ್ದ. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಅರಸನ ಲೆಕ್ಕ ಬರೆಯುವುದು ಸಾಕೆನಿಸಿ ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಪ್ರತೀತಿ. ಗಿರಿಜಾಕಲ್ಯಾಣವನ್ನು ಬರೆದವನು ಅವನು. ಪಂಪಾಂಬಿಕೆಗೂ ವಿರೂಪಾಕ್ಷನಿಗೂ ವರ್ಷವರ್ಷವೂ ಕಲ್ಯಾಣೋತ್ಸವ ನಡೆಯುವ ಊರಿನಲ್ಲಿ ಆ ಕಾವ್ಯ ಹುಟ್ಟಿದ್ದು ಎಷ್ಟು ಸಹಜ! ಬಸವಣ್ಣನವರ ಜೀವನವನ್ನು ಕನ್ನಡದಲ್ಲಿ ಮೊದಲಿಗೆ ಹಾಡಿದ್ದು ಅವನ ರಗಳೆ. ಅಕ್ಕಮಹಾದೇವಿಯ ಕಥೆಯೂ ಅಲ್ಲಮಪ್ರಭುವಿನ ಕಥೆಯೂ ಅವನ ರಗಳೆಗಳಿಂದಲೇ ನಮ್ಮ ಮನೆಗಳಿಗೆ ಬಂದವು. ಸೋದರಳಿಯ ರಾಘವಾಂಕ ಹರಿಶ್ಚಂದ್ರನನ್ನು ಕುರಿತು ಕಾವ್ಯ ಬರೆದಾಗ, ನರನನ್ನು ಹೊಗಳಿದನೆಂದು ಸಿಟ್ಟಾಗಿ ಹರಿಹರ ಅವನ ಹಲ್ಲು ಮುರಿದನೆಂಬ ಕಥೆಯನ್ನು ಹೇಳಿದಾಗ ಮಕ್ಕಳು ಬಿದ್ದುಬಿದ್ದು ನಕ್ಕರು. ತರುಣ ನಗಲಿಲ್ಲ. "ಇದು ನಮಗ ಯಾರೂ ಹೇಳಿಲ್ಲ ನೋಡ್ರಿ" ಎಂದ.

ಆಗ ಅಜ್ಜಿ ಕೇಳಿದ ಪ್ರಶ್ನೆಯೇ ಆ ದಿನದ ಮುಖ್ಯ ಪ್ರಸಂಗ. "ತಮ್ಮಾ, ಪ್ರೌಢದೇವರಾಯನ ಕಾಲಕ್ಕ ನೂರೊಂದು ವಿರಕ್ತರು ಇದ್ದರಂತಲ್ಲ, ಅವರು ಎಲ್ಲಿ ಕೂಡ್ತಿದ್ರು?"

ವಾಚಕರಿಗೆ ಆ ಹೆಸರುಗಳು ಹೊಸವಲ್ಲ. 1424ರಿಂದ 1446ರವರೆಗೆ ಆಳಿದ ಆ ಅರಸನ ದಂಡನಾಯಕ ಲಕ್ಕಣ್ಣ ದಂಡೇಶ ಶಿವತತ್ತ್ವಚಿಂತಾಮಣಿಯನ್ನು ರಚಿಸಿದ. ಜಕ್ಕಣಾರ್ಯ, ಮಹಲಿಂಗದೇವ, ಪ್ರಭುಲಿಂಗಲೀಲೆಯ ಚಾಮರಸ ಆ ಕಾಲದವರು. ಚದುರಿಹೋಗಿದ್ದ ವಚನಗಳನ್ನು ಹುಡುಕಿ ಕೂಡಿಸುವ ಮಹಾಕಾರ್ಯಕ್ಕೆ ಬಲ ಬಂದದ್ದು ಆಗಲೇ. ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆಯೂ ಆ ಯುಗದ್ದೇ. ಕಲ್ಯಾಣದಲ್ಲಿ ಆಡಿದ ಮಾತು ನಮ್ಮ ಕೈಗೆ ಬರಲು ಈ ನಗರ ನಡುವಿನ ಮೆಟ್ಟಿಲಾಯಿತು.

ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಅಮ್ಮಾ" ಎಂದ. ಸುತ್ತ ಮಂಟಪಗಳಿಗೆ ಕೊರತೆಯಿರಲಿಲ್ಲ. ಒಂದರ ಕಡೆ ಕೈ ತೋರಿಸಿ ಇಲ್ಲೇ ಎಂದಿದ್ದರೆ ಅಜ್ಜಿ ಅಲ್ಲಿಯೇ ಅಡ್ಡಬೀಳುತ್ತಿದ್ದರು, ಅವನಿಗೆ ನಾಲ್ಕು ಕಾಸು ಹೆಚ್ಚೂ ಸಿಗುತ್ತಿತ್ತು. ಯಜಮಾನರಿಗೆ ಆ ಉತ್ತರ ಸಾಲದಾಯಿತು. ನಮ್ಮ ಕಡೆ ತಿರುಗಿ, "ಈ ದೊಡ್ಡ ಮಂಟಪ ಆಗಿರಬಹುದಲ್ಲ ಗುರುಗಳೇ? ತಾವೊಂದು ಮಾತು ಬರೆದ್ರ ನಾವೇ ಒಂದು ಫಲಕ ಹಾಕಿಸ್ತೀವಿ" ಎಂದರು. ಅವರ ಅಭಿಮಾನ ದೊಡ್ಡದು, ದಾನಬುದ್ಧಿಯೂ ದೊಡ್ಡದು. ಆದರೂ ನಾವು ಒಪ್ಪಲಿಲ್ಲ. ಆ ವಿರಕ್ತರಿಗೆ ಗ್ರಂಥವೇ ಸಾಕ್ಷಿ. ಗ್ರಂಥ ಹೇಳದ ಜಾಗವನ್ನು ನಾವು ಹೇಳಿದರೆ, ಹತ್ತು ವರ್ಷದಲ್ಲಿ ಅದು ಐತಿಹ್ಯವಾಗಿ, ಇಪ್ಪತ್ತು ವರ್ಷದಲ್ಲಿ ಜಗಳವಾಗಿ ನಿಲ್ಲುತ್ತದೆ. ಊರೂರಿನಲ್ಲಿ ಇಂಥ ಫಲಕಗಳನ್ನು ಕಂಡು ಸಾಕಾಗಿದೆ. ಯಜಮಾನರು ಕೆಲಹೊತ್ತು ಮಾತನಾಡಲಿಲ್ಲ.

ಶಾಸನವೇ ಹೇಳುವ ಜಾಗವೊಂದು ಹತ್ತಿರದಲ್ಲಿಯೇ ಇತ್ತು. ಹಂಪಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ, ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷನ ಗುಡಿಗೆ ಸಮೀಪದಲ್ಲಿ ಉದ್ದಾನ ವೀರಭದ್ರನ ದೇವಾಲಯವಿದೆ. ಮುದ್ದುವೀರಭದ್ರನೆಂದೂ ಕರೆಯುತ್ತಾರೆ. ಸದಾಶಿವರಾಯನ ಆಳ್ವಿಕೆಯಲ್ಲಿ, 1545ರಲ್ಲಿ, ದಳವಾಯಿ ಜಂಗಮಯ್ಯ ಇದನ್ನು ಪ್ರತಿಷ್ಠಿಸಿದ. ಆಳೆತ್ತರಕ್ಕೂ ಮಿಗಿಲಾದ ವೀರಭದ್ರ ಆಯುಧಪಾಣಿಯಾಗಿ ನಿಂತಿದ್ದಾನೆ. 1565ರ ಯುದ್ಧದ ಬಳಿಕ ನಗರವೇ ಬೆಂದು ಬಯಲಾದರೂ, ಹಂಪಿಯಲ್ಲಿ ಇಂದಿಗೂ ಪೂಜೆ ನಡೆಯುವ ಕೆಲವೇ ಗುಡಿಗಳಲ್ಲಿ ಇದೊಂದು. ಪ್ರವಾಸಿಗಳ ವಾಹನಗಳು ಇದರ ಮುಂದೆಯೇ ಹಾದುಹೋಗುತ್ತವೆ. ನಾವಿದ್ದ ಹೊತ್ತಿನಲ್ಲಿ ಒಂದೂ ನಿಲ್ಲಲಿಲ್ಲ.

ಅಜ್ಜಿ ಕಾಯಿ ಒಡೆಸಿದರು. ಸೊಸೆ ವಿಭೂತಿ ಹಚ್ಚಿಕೊಂಡು ಮಕ್ಕಳ ಹಣೆಗೂ ಹಚ್ಚಿದಳು. ಮಾರ್ಗದರ್ಶಿಗೆ ಗೊತ್ತುಮಾಡಿದ ಹಣವನ್ನು ಯಜಮಾನರು ಅಲ್ಲಿಯೇ ಕೊಟ್ಟು, ಮೇಲೆ ಇನ್ನಷ್ಟು ಸೇರಿಸಿದರು. "ಗೊತ್ತಿಲ್ಲ ಅಂದೆಯಲ್ಲ, ಅದಕ್ಕ" ಎಂದರು. ಫಲಕದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬದಲಿಗೆ ಇಂಥ ತರುಣರಿಗೆ ಓದಲು ಯಾವ ಪುಸ್ತಕಗಳನ್ನು ಕೊಡಿಸಬಹುದೆಂದು ವಿಚಾರಿಸಿದರು. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಇಲ್ಲಿಗೆ ಬಲು ಸಮೀಪ. ನಮ್ಮ ಮಠಗಳು, ಸಮಾಜದ ಸಂಘಗಳು ಅಲ್ಲಿನ ವಿದ್ವಾಂಸರನ್ನು ಕೇಳಿಕೊಂಡು ಈ ಮಾರ್ಗದರ್ಶಿಗಳಿಗೆ ವರ್ಷಕ್ಕೆ ಎರಡು ದಿನದ ಪಾಠ ಏರ್ಪಡಿಸುವುದು ಕಷ್ಟದ ಕೆಲಸವಲ್ಲ. ಒಂದು ಫಲಕದ ಖರ್ಚಿನಲ್ಲಿ ಅದು ನಡೆದೀತು.

ತರುಣ ಜೇಬಿನಿಂದ ಚಿಕ್ಕ ಟಿಪ್ಪಣಿ ಪುಸ್ತಕ ತೆಗೆದು, ಗುಡಿಯ ಕಟ್ಟೆಯ ಮೇಲೆ ಕುಳಿತು ಹೆಸರುಗಳನ್ನು ಬರೆದುಕೊಂಡ. ಹರಿಹರ, ರಾಘವಾಂಕ, ಲಕ್ಕಣ್ಣ ದಂಡೇಶ, ಚಾಮರಸ. ಜಕ್ಕಣಾರ್ಯ ಎಂಬಲ್ಲಿ ಕೈ ತಡೆದು, "ಣ ಒತ್ತಕ್ಷರವೋ ಒಂಟಿಯೋ ಗುರುಗಳೇ?" ಎಂದು ಕೇಳಿದ. ಹಿರಿಯ ಮೊಮ್ಮಗಳು ನಮಗಿಂತ ಮೊದಲೇ ಹೇಳಿಕೊಟ್ಟಳು.