ಕಂದರದ ಅಂಚಿನಲ್ಲಿ ಬಚ್ಚಲ ನೀರು

ಅಮೇರಿಕದ ಅರಿಝೋನಾ ಸಂಸ್ಥಾನದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರವನ್ನು ಕಂಡು ಬಂದು ಬರೆದವರು ಅನೇಕರಿದ್ದಾರೆ. ಅದರ ಉದ್ದ 277 ಮೈಲಿ, ಅಗಲ ಕೆಲವೆಡೆ 18 ಮೈಲಿ, ಆಳವೋ ಒಂದು ಮೈಲಿಗೂ ಮಿಕ್ಕುದು. ಮೇಲಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ ವಯಸ್ಸಾದರೆ ತಳದ ಕರಿಬಂಡೆಗೆ 170 ಕೋಟಿ ವರ್ಷಕ್ಕೂ ಹೆಚ್ಚು. ಆ ತಳದ ಬಂಡೆಗೆ ಅಲ್ಲಿನ ಭೂವಿಜ್ಞಾನಿಗಳು 'ವಿಷ್ಣು' ಎಂದು ಹೆಸರಿಟ್ಟಿರುವುದನ್ನೂ, ಕಂದರದೊಳಗಿನ ಶಿಖರಗಳಿಗೆ ವಿಷ್ಣು, ಶಿವ, ಬ್ರಹ್ಮರ ದೇಗುಲಗಳೆಂಬ ಹೆಸರಿರುವುದನ್ನೂ ಕೇಳಿ ನಮ್ಮವರು ಹಿಗ್ಗುವುದುಂಟು. ಇವೆಲ್ಲ ಯಾವ ಪುಸ್ತಕದಲ್ಲಾದರೂ ದೊರೆಯುವ ಸಂಗತಿಗಳು. ನಾವಿಲ್ಲಿ ಹೇಳಹೊರಟಿರುವುದು ಆ ಕಂದರದ ದಕ್ಷಿಣದ ಅಂಚಿನಲ್ಲಿ ನೀರಿಗಿರುವ ಬೆಲೆಯನ್ನು ಕುರಿತು. ಅದನ್ನು ನಮಗೆ ಮನಗಾಣಿಸಿದ್ದು ಒಂದೂವರೆ ಅಂಗುಲ ವ್ಯಾಸದ ಒಂದು ಕಪ್ಪು ಕೊಳವೆ.

2023ರ ಅಕ್ಟೋಬರಿನಲ್ಲಿ ನಾವು ದಂಪತಿಗಳು ಕಾಸರಗೋಡಿನಿಂದ ಮಗಳ ಮನೆಗೆ ಹೋಗಿದ್ದಾಗ ಅಳಿಯ ತನ್ನ ಕಾರಿನ ಹಿಂದೆ ಒಂದು ಪುಟ್ಟ ಟ್ರೇಲರನ್ನು ಕಟ್ಟಿಕೊಂಡು ನಮ್ಮನ್ನು ಕರೆದೊಯ್ದ. ಟ್ರೇಲರೆಂದರೆ ಗಾಲಿಯ ಮೇಲಿನ ಒಂದು ಕೋಣೆ. ಮಡಚುವ ಮಂಚ, ಎರಡು ಒಲೆಯ ಗ್ಯಾಸು, ಕೈ ತೊಳೆಯುವಷ್ಟೇ ಅಗಲದ ಸಿಂಕು, ಬಾಗಿಲ ಬಳಿ ನಿಂತು ಸ್ನಾನ ಮಾಡಬಹುದಾದ ಒಂದು ಮೂಲೆ. ನೆಲದಡಿಯಲ್ಲಿ ತೊಟ್ಟಿಗಳು: ಒಂದು ಒಳ್ಳೆಯ ನೀರಿಗೆ, ಒಂದು ಶೌಚಕ್ಕೆ, ಮತ್ತೊಂದು ಪಾತ್ರೆ ತೊಳೆದ, ಮಿಂದ ನೀರಿಗೆ. ಈ ಮೂರನೆಯದನ್ನು ಅವರು ಬೂದು ನೀರೆನ್ನುತ್ತಾರೆ. ನಮ್ಮ ಭಾಷೆಯಲ್ಲಿ ಬಚ್ಚಲ ನೀರು.

ನಮ್ಮ ಊರಿನಲ್ಲಿ ಬಚ್ಚಲ ನೀರನ್ನು ಯಾರೂ ಲೆಕ್ಕಿಸಿದ್ದಿಲ್ಲ. ಅದು ತಾನಾಗಿ ಹರಿದು ಬಾಳೆಯ ಬುಡ ಸೇರುತ್ತದೆ. ಕೆಸುವಿನ ಸೊಪ್ಪು ಹುಲುಸಾಗಿ ಬೆಳೆಯುವುದೂ ಅಲ್ಲಿಯೇ. ಆದರೆ ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ಟ್ರೇಲರಿನ ಬಚ್ಚಲ ನೀರನ್ನು ನೆಲಕ್ಕೆ ಬಿಡುವುದು ಕಾನೂನಿಗೆ ವಿರುದ್ಧ. ಅದಕ್ಕೆಂದೇ ಗೊತ್ತುಪಡಿಸಿದ ತಾಣಕ್ಕೆ ಬಂಡಿಯನ್ನು ಒಯ್ದು, ಅಡಿಯ ವಾಲ್ವನ್ನು ಎಳೆದು, ಹೋಸಿನ ಮೂಲಕ ಖಾಲಿ ಮಾಡಬೇಕು. ಅನ್ನದಗುಳಿನ ವಾಸನೆ ಹಿಡಿದು ಬರುವ ಅಳಿಲು, ಕಾಗೆಗಳು ಮನುಷ್ಯರ ಸಹವಾಸಕ್ಕೆ ಬಿದ್ದು ಕೆಡುತ್ತವೆಂಬುದೂ ಇದಕ್ಕೊಂದು ಕಾರಣ.

ಮ್ಯಾಥರ್ ಎಂಬ ಬಿಡಾರದ ಬಯಲಿನಲ್ಲಿ ಪೈನ್ ಮರಗಳ ನಡುವೆ ನಮಗೆ ಜಾಗ ದೊರೆತಿತ್ತು. ಮರುದಿನ ಬೆಳಗ್ಗೆ ನೋಡುವಾಗ ಟ್ರೇಲರಿನ ಅಡಿಯಲ್ಲಿ ಅಂಗೈಯಗಲದ ಒದ್ದೆ. ಹನಿ ಬೀಳುತ್ತಲೇ ಇತ್ತು. ಅಳಿಯ ಒಂದು ಬಾಲ್ದಿಯನ್ನು ಅದರಡಿಗಿಟ್ಟ. ಸ್ವಲ್ಪ ಹೊತ್ತಿನಲ್ಲಿ ಆ ದಾರಿಯಾಗಿ ಬಂದ ಅರಣ್ಯಾಧಿಕಾರಿಣಿಯು ಬಾಲ್ದಿಯನ್ನು ನೋಡಿ, ನೆಲಕ್ಕೆ ಬೀಳದಿರುವಷ್ಟು ಕಾಲ ತನ್ನ ಆಕ್ಷೇಪವಿಲ್ಲ, ಆದರೆ ದುರಸ್ತಿಯಾಗದಿದ್ದರೆ ಟ್ರೇಲರನ್ನು ಹೊರಗೆ ಒಯ್ಯಬೇಕಾದೀತು ಎಂದು ನಗುಮುಖದಿಂದಲೇ ತಿಳಿಸಿ ಹೋದಳು. ಏಳು ಸಮುದ್ರ ದಾಟಿ ಬಂದ ನಾವು ಕಂದರವನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ. ನಮ್ಮ ಮನೆಯಾಕೆಯ ಮುಖ ಸಣ್ಣದಾಯಿತು.

ಒಸರು ಎಲ್ಲಿಯದೆಂದು ತಿಳಿಯುವುದೇ ಈ ಕೆಲಸದಲ್ಲಿ ಮುಖ್ಯವಾದ ಭಾಗ. ಹನಿ ಬೀಳುತ್ತಿದ್ದುದು ಕೊಳವೆಯ ತುದಿಯ ಮುಚ್ಚಳದ ಹತ್ತಿರ. ಯಾರಾದರೂ ಮುಚ್ಚಳವನ್ನೇ ದೂರುವರು. ಆದರೆ ನೀರಿಗೆ ಒಂದು ಗುಣವಿದೆ: ಅದು ಸೋರಿದಲ್ಲಿಯೇ ಬೀಳುವುದಿಲ್ಲ, ಕೊಳವೆಯ ಹೊಟ್ಟೆಯನ್ನು ಅಪ್ಪಿಕೊಂಡು ಹರಿದು ಎಲ್ಲಕ್ಕಿಂತ ತಗ್ಗಾದ ಕಡೆ ಹನಿಯುತ್ತದೆ. ಮಾಡಿನ ಹಂಚು ಒಡೆದದ್ದು ಒಂದೆಡೆ, ಮಳೆನೀರು ತೊಟ್ಟಿಕ್ಕುವುದು ಇನ್ನೊಂದೆಡೆ ಎಂಬುದು ಹಂಚಿನ ಮನೆಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅಳಿಯನು ಚಾಪೆ ಹಾಸಿ ಅಡಿಗೆ ನುಸುಳಿದ. ಕೊಳವೆಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಪ್ರತಿಯೊಂದು ಸಂದಿಗೂ ಒಣ ಕಾಗದವನ್ನು ಸುತ್ತಿದ. "ಮಾವ, ಒಳಗಿನಿಂದ ಒಂದು ಚೊಂಬು ನೀರು ಬಿಡಿ" ಎಂದ. ಬಿಟ್ಟೆವು. ಸಿಂಕಿನ ಕೆಳಗಿನ ತಿರುವು ಒಣಗಿಯೇ ಇತ್ತು. ಕೊಳವೆ ತೊಟ್ಟಿಯನ್ನು ಸೇರುವ ಸಂದಿಯೂ ಒಣಗಿತ್ತು. ತೊಟ್ಟಿಗೂ ಹೊರಗೊಳವೆಗೂ ನಡುವೆ ಇರುವ ವಾಲ್ವಿನ ಬಳಿ ಕಾಗದ ತೊಯ್ದಿತು. ಮುಚ್ಚಳವು ಅಲ್ಲಿಂದ ಎರಡಡಿ ದೂರ!

ಈ ವಾಲ್ವಿನ ರಚನೆ ಸರಳವಾದದ್ದು. ಎಳೆದರೆ ತೆರೆದು, ತಳ್ಳಿದರೆ ಮುಚ್ಚುವ ಒಂದು ತೆಳ್ಳನೆಯ ಹಲಗೆ. ಅದರ ಎರಡೂ ಪಕ್ಕಗಳಲ್ಲಿ ಒಂದೊಂದು ರಬ್ಬರಿನ ಬಳೆ. ಇವೆಲ್ಲವನ್ನೂ ಎರಡು ಕೊಳವೆಗಳ ಅಗಲ ತುಟಿಗಳ ನಡುವೆ ಹಿಡಿದಿರುವ ನಾಲ್ಕು ಬೋಲ್ಟುಗಳು. ಹೊರಗೊಳವೆಯನ್ನು ಚಾಸಿಗೆ ತೂಗುಹಾಕಿದ್ದ ತಗಡಿನ ಪಟ್ಟಿಯೊಂದು ಮಣ್ಣುರಸ್ತೆಯ ಅದುರಾಟಕ್ಕೆ ಕಳಚಿ ಹೋಗಿತ್ತು. ಕೊಳವೆಯ ಭಾರವೆಲ್ಲ ವಾಲ್ವಿನ ಮೇಲೆಯೇ ಜೋತು, ತೊಟ್ಟಿಯ ಕಡೆಯ ಬಳೆ ಮೇಲ್ಭಾಗದಲ್ಲಿ ಬಾಯಿ ಬಿಟ್ಟಿತ್ತು. ಬಳೆಯನ್ನು ಮಾತ್ರ ಬದಲಿಸಿದ್ದರೆ ಮುಂದಿನ ನೂರು ಮೈಲಿಯಲ್ಲಿ ಮತ್ತೆ ಅದೇ ಪಾಡು.

ಟ್ರೇಲರನ್ನು ಗೊತ್ತಾದ ತಾಣಕ್ಕೆ ಒಯ್ದು ತೊಟ್ಟಿಯನ್ನು ಬರಿದುಮಾಡಿ, ತೊಳೆದು ತಂದು ನಿಲ್ಲಿಸಿದ ಮೇಲೆ ಅಳಿಯ ಮಗಳೊಡನೆ 80 ಮೈಲಿ ದೂರದ ಫ್ಲಾಗ್‌ಸ್ಟಾಫ್ ಪಟ್ಟಣಕ್ಕೆ ಹೊರಟ. ಎರಡು ರಬ್ಬರಿನ ಬಳೆಗಾಗಿ ಹೋಗಿ ಬರುವಾಗ 160 ಮೈಲಿ. ನಾವಿಬ್ಬರು ಪಾತ್ರೆ ತೊಳೆದ ನೀರನ್ನು ಬಾಲ್ದಿಯಲ್ಲಿ ಹಿಡಿದಿಟ್ಟು, ಕಂದರದ ಅಂಚಿಗೆ ನಡೆದೆವು.

ಅಲ್ಲಿ ನಿಂತು ಕೆಳಗೆ ನೋಡಿದರೆ ಬಹುದೂರದಲ್ಲಿ ಕೊಲರಾಡೋ ನದಿಯ ಒಂದು ಎಳೆ. ಕಣ್ಣಿಗೆ ನದಿ ಕಾಣುವ ಊರಿಗೆ ನೀರಿಲ್ಲವೆಂದರೆ ನಂಬುವುದು ಕಷ್ಟ. ಆದರೆ 7000 ಅಡಿ ಎತ್ತರದ ಆ ದಕ್ಷಿಣದಂಚಿನಲ್ಲಿ ತೊರೆಯಿಲ್ಲ, ಕೆರೆಯಿಲ್ಲ. ಬಿದ್ದ ಮಳೆಯನ್ನೂ ಕರಗಿದ ಹಿಮವನ್ನೂ ಸುಣ್ಣಕಲ್ಲು ಕುಡಿದುಬಿಡುತ್ತದೆ. ಆ ನೀರು ಸಾವಿರಾರು ಅಡಿ ಕೆಳಗೆ ಬಂಡೆಯ ಪಕ್ಕದಿಂದ ಬುಗ್ಗೆಯಾಗಿ ಹೊರಡುತ್ತದೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿದ ಹಿರಿಯರಿಗೆ ಈ ಸೂತ್ರ ಗೊತ್ತಿತ್ತು. ಅವರ ಸುರಂಗದ ನೀರಾದರೋ ದಂಬೆಯ ಮೂಲಕ ತಾನಾಗಿ ತೋಟಕ್ಕಿಳಿಯುತ್ತದೆ. ಇಲ್ಲಿಯವರು ಅದನ್ನು ಮೇಲಕ್ಕೆ ತರಬೇಕು.

1901ರಲ್ಲಿ ರೈಲು ಬಂದ ಬಳಿಕ ಬಹುಕಾಲ ಕುಡಿಯುವ ನೀರೂ ರೈಲಿನಲ್ಲಿಯೇ ಬರುತ್ತಿತ್ತು, ನೂರಕ್ಕೂ ಹೆಚ್ಚು ಮೈಲಿ ದೂರದ ಡೆಲ್ ರಿಯೋ ಎಂಬ ಬುಗ್ಗೆಯಿಂದ. ಅಷ್ಟು ಕಷ್ಟದ ನೀರನ್ನು ಒಂದೇ ಸಲ ಬಳಸಿ ಚೆಲ್ಲಲು ಮನಸ್ಸು ಬಾರದು. 1926ರಲ್ಲಿಯೇ ಅಲ್ಲಿ ಹೊಲಸು ನೀರನ್ನು ಶುದ್ಧಿಮಾಡಿ ಶೌಚಗಳಿಗೂ ಗಿಡಮರಗಳಿಗೂ ಬಾಯ್ಲರುಗಳಿಗೂ ಪುನಃ ಬಳಸುವ ವ್ಯವಸ್ಥೆಯಾಯಿತು. ಆ ದೇಶದಲ್ಲಿ ಅಂಥ ಮೊದಲ ಪ್ರಯತ್ನಗಳಲ್ಲಿ ಅದೊಂದು. ನೆಲಕ್ಕೆ ಬಿದ್ದ ನಮ್ಮ ಹನಿಗಳ ಬಗ್ಗೆ ಅಧಿಕಾರಿಣಿಗೆ ಅಷ್ಟು ಕಾಳಜಿ ಏಕೆಂಬುದು ಇದನ್ನೆಲ್ಲ ತಿಳಿದ ಮೇಲೆ ನಮಗೆ ಅರ್ಥವಾಯಿತು.

1932ರಲ್ಲಿ ಕಂದರದ ನಡುವಿನ ಒಂದು ಹಸಿರು ತಾಣದಿಂದ ಪಂಪಿನ ಮೂಲಕ ನೀರನ್ನು ಮೇಲೆತ್ತಿದರು. ಅಂಚಿನಿಂದ ನೋಡಿದರೆ ಆ ಮರಗಳ ಗುಂಪು ಕಾಣುತ್ತದೆ. ಅಲ್ಲಿ ಹವಾಸುಪೈ ಎಂಬ ಮೂಲನಿವಾಸಿಗಳು ಜೋಳ, ಬೀನ್ಸು ಬೆಳೆದುಕೊಂಡಿದ್ದರು. ಅವರಲ್ಲಿ ಕೊನೆಯವನನ್ನು 1928ರಲ್ಲಿ ಉದ್ಯಾನದವರು ಹೊರಹಾಕಿದರು. 2022ರಲ್ಲಿ ಆ ತಾಣಕ್ಕೆ ಹವಾಸುಪೈ ಗಾರ್ಡನ್ಸ್ ಎಂದು ಅವರ ಹೆಸರನ್ನಿಟ್ಟರು. ಹೆಸರು ಹಿಂದಿರುಗಿತು, ತೋಟ ಹಿಂದಿರುಗಲಿಲ್ಲ.

ಈಗಿನ ನೀರು ಉತ್ತರದಂಚಿನ ಕೆಳಗಿರುವ ರೋರಿಂಗ್ ಸ್ಪ್ರಿಂಗ್ಸ್ ಎಂಬ ಬುಗ್ಗೆಯದು. 1970ರಲ್ಲಿ ಮುಗಿದ ಹನ್ನೆರಡೂವರೆ ಮೈಲಿಯ ಅಲ್ಯೂಮಿನಿಯಂ ಕೊಳವೆಯು ಕಂದರದೊಳಗೆ ಇಳಿದು, ತೂಗುಸೇತುವೆಯೊಂದರ ಅಡಿಯಲ್ಲಿ ಕೊಲರಾಡೋವನ್ನು ದಾಟಿ, ತನ್ನ ಇಳಿಜಾರಿನ ಬಲದಿಂದಲೇ ಹವಾಸುಪೈ ಗಾರ್ಡನ್ಸ್‌ವರೆಗೆ ಏರುತ್ತದೆ. ಅಲ್ಲಿಂದ ಮೇಲಕ್ಕೆ ಮೂರು ಸಾವಿರ ಅಡಿ ಪಂಪು ತಳ್ಳಬೇಕು. ಮೂವತ್ತು ವರ್ಷ ಬಾಳಲೆಂದು ಹಾಕಿದ ಈ ಕೊಳವೆ ಅರ್ಧ ಶತಮಾನ ದಾಟಿದೆ. 2010ರಿಂದೀಚೆಗೆ 85ಕ್ಕೂ ಹೆಚ್ಚು ಸಲ ಅದು ದೊಡ್ಡ ರೀತಿಯಲ್ಲಿ ಒಡೆದಿದೆ. ಒಡೆದಾಗಲೆಲ್ಲ ದುರಸ್ತಿಯವರು ಕಡಿದಾದ ಬಂಡೆಗಳ ನಡುವೆ ಇಳಿಯಬೇಕು. ನಮ್ಮ ಅಳಿಯನ ಚಾಪೆ ಅವರಿಗೆ ಸಾಲದು.

ಸಂಜೆಗೆ ಮಕ್ಕಳು ಮರಳಿದರು. ಟಾರ್ಚಿನ ಬೆಳಕಿನಲ್ಲಿ ಬೋಲ್ಟು ಬಿಚ್ಚಿ ವಾಲ್ವನ್ನು ಹೊರತೆಗೆದಾಗ ಬಳೆಯ ಅಂಚು ಮಡಚಿ ಹರಿದಿರುವುದು ಕಂಡಿತು. ಹೊಸ ಬಳೆಗಳಿಗೆ ಸಿಲಿಕೋನ್ ಗ್ರೀಸ್ ಸವರಿದ. ಮಾಮೂಲಿನ ಗ್ರೀಸ್ ತಾಗಿದರೆ ರಬ್ಬರು ಉಬ್ಬಿ ಕೆಡುತ್ತದಂತೆ. ವಾಲ್ವನ್ನು ಮತ್ತೆ ಒಳತಳ್ಳುವಾಗಲೇ ಹೊಸ ಬಳೆಯೂ ಮಡಚಿಕೊಳ್ಳುವ ಅಪಾಯ. ಆದ್ದರಿಂದ ಮಗಳು ಕೊಳವೆಯನ್ನು ತುಸು ಹಿಂದಕ್ಕೆ ಹಿಡಿದಿದ್ದಳು. ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತಿನಂತೆ ಬಿಗಿದ. ಒಂದನ್ನೇ ಪೂರ್ತಿ ಬಿಗಿದರೆ ತುಟಿ ಓರೆಯಾಗುತ್ತದೆ. ಬಳಿಕ ತೂತುಗಳುಳ್ಳ ಉಕ್ಕಿನ ಪಟ್ಟಿಯಿಂದ ಹೊರಗೊಳವೆಯನ್ನು ಎತ್ತಿ, ಹಲಗೆಗೆ ಸ್ಕ್ರೂ ಹಾಕದೆ ಕಬ್ಬಿಣದ ಚಾಸಿಗೇ ಬೋಲ್ಟಿನಿಂದ ಬಂಧಿಸಿದ. ಅಡಿಗೆ ಕಾಲಂಗುಲದಷ್ಟು ಇಳಿಜಾರು ಉಳಿಯುವಂತೆ ನೋಡಿಕೊಂಡ.

ತೊಟ್ಟಿಗೆ ನಾಲ್ಕು ಬಾಲ್ದಿ ನೀರು ಬಿಟ್ಟು, ಅಡಿಯಲ್ಲಿ ಒಣ ಕಾಗದ ಹಾಸಿ ಮಲಗಿದೆವು. ರಾತ್ರಿ ಚಳಿಗೆ ಹೊರಗಿಟ್ಟ ಚೊಂಬಿನ ನೀರು ಹೆಪ್ಪುಗಟ್ಟಿತ್ತು. ಬೆಳಗ್ಗೆ ನಮ್ಮ ಮನೆಯಾಕೆ ಕಾಫಿಗೂ ಮೊದಲು ಬಾಗಿ ನೋಡಿದಳು. ಕಾಗದ ಗರಿಗರಿಯಾಗಿತ್ತು. ಅಂದು ಇಡೀ ದಿನ ಅಂಚಿನ ದಾರಿಯಲ್ಲಿ ನಡೆದೆವು.

ಮರುವರ್ಷ, 2024ರ ಆಗಸ್ಟ್ ಕೊನೆಯಲ್ಲಿ, ಆ ದೊಡ್ಡ ಕೊಳವೆ ಕೆಲವೇ ವಾರಗಳಲ್ಲಿ ನಾಲ್ಕು ಸಲ ಒಡೆದು ದಕ್ಷಿಣದಂಚಿನ ವಸತಿಗೃಹಗಳನ್ನೆಲ್ಲ ಕೆಲದಿನ ಮುಚ್ಚಬೇಕಾಯಿತೆಂದು ಮಗಳು ತಿಳಿಸಿದಳು. ಆದರೆ ಮ್ಯಾಥರಿನಲ್ಲಿ, ನಲ್ಲಿಯ ನೀರಿಲ್ಲದೆ ಇರಬಲ್ಲವರಿಗೆ, ತಂಗಲು ಅವಕಾಶವಿತ್ತಂತೆ. 2023ರಲ್ಲಿ ಆರಂಭವಾದ 20 ಕೋಟಿ 80 ಲಕ್ಷ ಡಾಲರಿನ ಹೊಸ ಕೊಳವೆಯ ಕಾಮಗಾರಿಯನ್ನು 2027ರಲ್ಲಿ ಮುಗಿಸುವ ಯೋಜನೆಯಿದೆ. ಅಳಿಯ ಫ್ಲಾಗ್‌ಸ್ಟಾಫಿನಿಂದ ಎರಡು ಜೊತೆ ಬಳೆಗಳನ್ನು ತಂದಿದ್ದ. ಇನ್ನೊಂದು ಜೊತೆ ಟ್ರೇಲರಿನ ಸಿಂಕಿನ ಕೆಳಗೆ, ನಾವು ಊರಿನಿಂದ ಉಪ್ಪಿನಕಾಯಿ ಒಯ್ದಿದ್ದ ಡಬ್ಬಿಯಲ್ಲಿದೆ.